ಪಳಗಿದ ತೋಳಿಗೆ ಹೊಸ ಪಾಠ

1930ರ ಬೇಸಿಗೆಯಲ್ಲಿ ಬ್ರಿಟನ್ನಿನ ಹದಿನಾಲ್ಕು ಮಂದಿ ಯುವಕರ ತಂಡವೊಂದು ಪೂರ್ವ ಗ್ರೀನ್‌ಲ್ಯಾಂಡಿನ ಅಂಗ್ಮಗ್ಸಾಲಿಕ್ ಸೀಮೆಯಲ್ಲಿ ಬಂದಿಳಿಯಿತು. ಬ್ರಿಟನ್ನಿನಿಂದ ಕೆನಡಾಕ್ಕೆ ಹಿಮಸೀಮೆಯ ಮೇಲಿಂದ ವಿಮಾನ ಹಾರಿಸಲು ದಾರಿಯಿದೆಯೇ ಎಂದು ಹುಡುಕುವುದು ಅವರ ಕೆಲಸ. ತಂಡದ ಮುಖಂಡ ಗಿನೊ ವಾಟ್ಕಿನ್ಸ್‌ಗೆ ಆಗ 23 ವರ್ಷ. ಅಷ್ಟು ಹೊತ್ತಿಗಾಗಲೇ ಆತ ಎಡ್ಜ್ ದ್ವೀಪಕ್ಕೆ ಒಂದು ತಂಡ ಕಟ್ಟಿಕೊಂಡು ಹೋಗಿ ಬಂದಿದ್ದ, ಲ್ಯಾಬ್ರಡಾರ್ ಸೀಮೆಯ ನದಿಗಳಲ್ಲಿ ಕೆನೂ ನಡೆಸಿದ್ದ. ನೀರೂ ಹೊಸದಲ್ಲ, ಹುಟ್ಟೂ ಹೊಸದಲ್ಲ. ಆದರೂ ಅಲ್ಲಿನ ಇನ್ಯುಯಿಟ್ ಬೇಟೆಗಾರರು ಕಯಾಕ್ ನಡೆಸುವುದನ್ನು ಕಂಡ ಮೇಲೆ, ತನಗೆ ಗೊತ್ತಿದ್ದುದನ್ನೆಲ್ಲ ಬದಿಗಿಟ್ಟು ಮೊದಲ ಪಾಠದಿಂದ ಶುರು ಮಾಡಿದ. ತನ್ನ ಮೈಯಳತೆಗೆ ಕಯಾಕ್ ಕಟ್ಟಿಸಿಕೊಂಡ. ದೋಣಿ ಮಗುಚಿದಾಗ ಹೊರಗೆ ಬೀಳದೆ, ನೀರಿನೊಳಗೆ ತಲೆಕೆಳಗಾಗಿದ್ದಲ್ಲಿಂದಲೇ ಹುಟ್ಟು ಬೀಸಿ ಮತ್ತೆ ನೆಟ್ಟಗೆ ಏಳುವ ವಿದ್ಯೆಯನ್ನು ಅವರಿಂದ ಕಲಿತ. ಕಯಾಕ್ ನಡೆಸುವವರು ಇದನ್ನು ರೋಲ್ ಎನ್ನುತ್ತಾರೆ.

ಕಯಾಕಿಂಗ್ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದೆಲ್ಲ ಹೆಚ್ಚಾಗಿ ಹೊಸಬರಿಗಾಗಿ: ಎಲ್ಲಿ ಹೋಗಬೇಕು, ಬಾಡಿಗೆ ಎಷ್ಟು, ಯಾವ ತಿಂಗಳು ಚೆನ್ನ. ನಾನು ಇಲ್ಲಿ ಹೇಳಹೊರಟಿರುವುದು ಆ ಹಂತ ದಾಟಿದವರ ಸಂಗತಿ. ಕೆಲವು ವರ್ಷ ಹುಟ್ಟು ಹಾಕಿ ಕೈ ಪಳಗಿದೆ, ದೋಣಿ ಹೇಳಿದಂತೆ ಕೇಳುತ್ತದೆ, ಗಾಳಿ ಬೀಸಿದರೂ ಗಾಬರಿಯಿಲ್ಲ. ಇನ್ನು ಕಲಿಯುವುದು ಏನಿದೆ ಅನ್ನಿಸುವ ಹೊತ್ತು ಅದು. ಕಯಾಕಿಂಗ್‌ನ ಅತಿ ಕಷ್ಟದ ಕಲಿಕೆ ಶುರುವಾಗುವುದು ಅಲ್ಲಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ. ಹೊಸಬನ ಕೈಯಲ್ಲಿ ಏನೂ ಇರುವುದಿಲ್ಲ, ಹೇಳಿದ್ದನ್ನು ಹಾಗೇ ಹಿಡಿಯುತ್ತದೆ. ನುರಿತವನ ಕೈಯಲ್ಲಿ ಒಂದು ರೂಢಿ ಬೇರು ಬಿಟ್ಟಿರುತ್ತದೆ. ಹೊಸ ವಿದ್ಯೆ ಒಳಗೆ ಬರಬೇಕಾದರೆ ಮೊದಲು ಅದು ಅಲುಗಾಡಬೇಕು.

ಗ್ರೀನ್‌ಲ್ಯಾಂಡಿನ ಬೇಟೆಗಾರನಿಗೆ ರೋಲ್ ಎಂಬುದು ನೋಡುವವರಿಗೆ ತೋರಿಸುವ ಕಸರತ್ತಾಗಿರಲಿಲ್ಲ. ಕಡಲಲ್ಲಿ ತೇಲಿಬಂದ ಮರದಿಂದ ಮಾಡಿದ ಹಂದರ, ಅದರ ಮೇಲೆ ಸೀಲ್ ಚರ್ಮದ ಹೊದಿಕೆ, ಕೂತವನ ಸೊಂಟಕ್ಕೂ ತೊಡೆಗೂ ಬಿಗಿಯಾಗಿ ಕೂರುವಷ್ಟು ಕಿರಿದಾದ ಒಡಲು. ಮೈಮೇಲೆ ತುಯಿಲಿಕ್ ಎಂಬ ಚರ್ಮದ ನಿಲುವಂಗಿ. ಅದನ್ನು ಮುಖದ ಸುತ್ತ, ಮಣಿಕಟ್ಟಿನ ಸುತ್ತ ಬಿಗಿದು, ಕೆಳಗಿನ ಅಂಚನ್ನು ದೋಣಿಯ ಬಾಯಿಗೆ ಕಟ್ಟಿಬಿಟ್ಟರೆ ಒಂದು ಹನಿ ನೀರೂ ಒಳಗೆ ಹೋಗದು. ಸುತ್ತಲೂ ಹಿಮಗಡ್ಡೆ ತೇಲುವ ಕಡಲು. ದೋಣಿಯಿಂದ ಹೊರಬಿದ್ದವನ ಕೈಕಾಲು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ. ಹಾಗಾಗಿ ಮಗುಚಿದರೆ ಏಳಲೇಬೇಕು, ಕೂತಲ್ಲಿಂದಲೇ ಏಳಬೇಕು.

ಒಂದು ಬಗೆಯಲ್ಲಿ ಎದ್ದರೆ ಸಾಲದು. ಈಟಿಗೆ ಕಟ್ಟಿದ ಹಗ್ಗ ತೋಳಿಗೆ ಸುತ್ತಿಕೊಂಡು ಒಂದು ಕೈ ಕಟ್ಟುಬಿದ್ದರೆ? ಗಾಯಗೊಂಡ ಸೀಲ್ ಎಳೆದಾಡುವಾಗ ಹುಟ್ಟು ಕೈಜಾರಿ ಹೋದರೆ? ಆಗ ಈಟಿ ಎಸೆಯಲು ಬಳಸುವ ನೋರ್ಸಾಕ್ ಎಂಬ ಮೋಟು ಹಲಗೆಯಿಂದಲೇ ಏಳಬೇಕು. ಅದೂ ಇಲ್ಲವಾದರೆ ಬರಿಗೈಯಿಂದ. ಒಂದೊಂದು ಅವಘಡಕ್ಕೂ ಒಂದೊಂದು ರೋಲ್ ಹುಟ್ಟಿಕೊಂಡಿತು. ಗ್ರೀನ್‌ಲ್ಯಾಂಡಿನ ರಾಷ್ಟ್ರೀಯ ಕಯಾಕ್ ಚಾಂಪಿಯನ್‌ಶಿಪ್‌ನಲ್ಲಿ ಇವತ್ತಿಗೂ ಮೂವತ್ತಕ್ಕೂ ಹೆಚ್ಚು ಬಗೆಯ ರೋಲ್‌ಗಳಿಗೆ ಅಂಕ ಕೊಡುತ್ತಾರೆ. ಹುಟ್ಟನ್ನು ಬೆನ್ನ ಹಿಂದೆ ಹಿಡಿದು ಏಳುವುದು, ಮುಷ್ಟಿ ಬಿಗಿಹಿಡಿದು ಏಳುವುದು, ಕೈಯಲ್ಲೊಂದು ಇಟ್ಟಿಗೆ ಹಿಡಿದು ಏಳುವುದು, ಎರಡೂ ತೋಳನ್ನು ಎದೆಯ ಮೇಲೆ ಕಟ್ಟಿಕೊಂಡು ಬರೀ ಮೈಯ ಹೊರಳಿನಿಂದ ಏಳುವುದು ಎಲ್ಲವೂ ಅದರಲ್ಲಿವೆ. ಹೆಚ್ಚಿನವನ್ನು ಎಡಕ್ಕೂ ಬಲಕ್ಕೂ ಮಾಡಿ ತೋರಿಸಬೇಕು. ಎಳೆದು ಕಟ್ಟಿದ ಹಗ್ಗಗಳ ಮೇಲೆ ಮೈ ತಿರುಗಿಸುವ ವ್ಯಾಯಾಮದ ಸ್ಪರ್ಧೆಯೂ ಜೊತೆಗಿದೆ. ನೀರಿಗಿಳಿಯುವ ಮೊದಲೇ ಮೈ ಪಳಗಿಸುವ ಹಳೆಯ ಕ್ರಮ ಅದು.

ಈ ವಿದ್ಯೆ ಒಂದು ಹಂತದಲ್ಲಿ ಅದರ ತವರಿನಲ್ಲೇ ಕ್ಷೀಣಿಸಿತ್ತು. ಮೋಟಾರು ದೋಣಿ ಬಂದ ಮೇಲೆ ಕಯಾಕ್ ಮನೆಯ ಪಕ್ಕ ಮಗುಚಿ ಬಿದ್ದಿತು, ಬಲ್ಲವರು ಮುದುಕರಾದರು. 1980ರ ದಶಕದಲ್ಲಿ ಗ್ರೀನ್‌ಲ್ಯಾಂಡಿನ ಯುವಕರು ಕಯಾಕ್ ಸಂಘಗಳನ್ನು ಕಟ್ಟಿ, ಉಳಿದಿದ್ದ ಹಿರಿಯರನ್ನು ಹುಡುಕಿಕೊಂಡು ಹೋಗಿ ಕಲಿತರು. ಆ ಸಂಘಗಳ ಒಕ್ಕೂಟವಾದ ಕಾನ್ನಾತ್ ಕಟ್ಟುಫಿಯಾತ್ ಇಂದಿಗೂ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಹದಿಹರೆಯದಲ್ಲೇ ರಾಷ್ಟ್ರೀಯ ಚಾಂಪಿಯನ್ ಆದ ಮಲಿಗ್ಯಾಕ್ ಪಡಿಲ್ಲಾ 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕಲಿಸಲು ಹೋದಾಗ, ಕಡಲಲ್ಲಿ ದಶಕಗಳ ಅನುಭವವಿದ್ದವರೆಲ್ಲ ಆ ಹುಡುಗನೆದುರು ಶಿಷ್ಯರಾಗಿ ಕೂತರು. ಕಲಿಕೆಯ ಇತಿಹಾಸದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪ್ರಸಂಗ ಇದು. ವಯಸ್ಸು, ಹೆಸರು, ಹೋಗಿಬಂದ ದೂರ ಯಾವುದೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ರೋಲ್ ಮಾಡುವಾಗ ನಡೆಯುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನುರಿತವರು ಎಡವುವ ಜಾಗ ಅಲ್ಲೇ ಇದೆ. ನೋಡುವವರಿಗೆ, ಹುಟ್ಟನ್ನು ನೀರಿಗೆ ಬಲವಾಗಿ ಅದುಮಿ ಮನುಷ್ಯ ಎದ್ದ ಅನ್ನಿಸುತ್ತದೆ. ನಿಜದಲ್ಲಿ ಮೊದಲು ಏಳಬೇಕಾದ್ದು ಮನುಷ್ಯ ಅಲ್ಲ, ದೋಣಿ. ಮೈ ನೀರಿನಲ್ಲಿ ಇರುವಷ್ಟು ಹೊತ್ತು ಅದರ ಭಾರವನ್ನು ನೀರೇ ಹೊರುತ್ತದೆ. ಆ ಹೊತ್ತಿನಲ್ಲೇ ಒಂದು ಮೊಣಕಾಲನ್ನು ಮೇಲಕ್ಕೆ ಒತ್ತಿ ಸೊಂಟವನ್ನು ಹೊರಳಿಸಿದರೆ ದೋಣಿ ಹಗುರವಾಗಿ ಹೊರಳುತ್ತದೆ. ಹುಟ್ಟಿನ ಅಲಗು ನೀರಿನ ಮೇಲ್ಮೈಯಲ್ಲಿ ಜಾರುತ್ತ ಅರೆಕ್ಷಣದ ಆಸರೆ ಕೊಟ್ಟರೆ ಸಾಕು. ದೋಣಿ ಹೊರಳಿದ ಹಿಂದೆ ಎದೆ, ಎದೆಯ ಹಿಂದೆ ಭುಜ, ಎಲ್ಲಕ್ಕಿಂತ ಕೊನೆಗೆ ತಲೆ. ತಲೆಯ ತೂಕ ನಾಲ್ಕೈದು ಕಿಲೋ. ನೀರಿನಲ್ಲಿದ್ದಾಗ ಅದು ಭಾರವೆನಿಸದು. ಹೊರಗೆ ತೆಗೆದ ಕೂಡಲೇ ಪೂರ್ತಿ ಭಾರ ಸೊಂಟದ ಮೇಲೆ ಬಿದ್ದು, ಅರ್ಧ ಎದ್ದ ದೋಣಿ ಮತ್ತೆ ಮಗುಚುತ್ತದೆ. ಆದರೆ ನೀರೊಳಗೆ ತಲೆಕೆಳಗಾದ ಮನುಷ್ಯನಿಗೆ ಮೊದಲು ಬೇಕೆನಿಸುವುದು ಉಸಿರು, ಆದ್ದರಿಂದ ಮೊದಲು ಎತ್ತಬೇಕೆನಿಸುವುದೂ ತಲೆಯನ್ನೇ. ಪ್ರಾಣಭಯದ ಒತ್ತಡವನ್ನೇ ಹಿಡಿದು ನಿಲ್ಲಿಸಿ, ತಲೆಯನ್ನು ಕೊನೆಯವರೆಗೂ ನೀರಲ್ಲೇ ಬಿಡುವಷ್ಟು ಮೈಯನ್ನು ಪಳಗಿಸುವುದೇ ರೋಲ್‌ನ ಒಳಗಿನ ಗುಟ್ಟು.

ಈಜುಕೊಳದ ಅಂಚಿನಲ್ಲಿ ನಡೆಯುವ ಮೊದಲ ಅಭ್ಯಾಸ ಹೀಗಿರುತ್ತದೆ. ಶಿಕ್ಷಕ ಎದೆಮಟ್ಟದ ನೀರಿನಲ್ಲಿ ನಿಂತು ಅಂಗೈ ಚಾಚುತ್ತಾನೆ. ಕಯಾಕ್‌ನಲ್ಲಿ ಕೂತವನು ಆ ಅಂಗೈ ಮೇಲೆ ತನ್ನ ಕೈಯಿಟ್ಟು, ಕಿವಿ ನೀರಿಗೆ ತಾಗುವಷ್ಟು ಪಕ್ಕಕ್ಕೆ ಮಲಗಿ, ದೋಣಿಯನ್ನು ಪೂರ್ತಿ ವಾಲಿಸಬೇಕು. ಆಮೇಲೆ ಮೊಣಕಾಲಿನಿಂದಷ್ಟೇ ಅದನ್ನು ನೆಟ್ಟಗೆ ತರಬೇಕು. ಮೇಲಿಂದ ನೋಡುವವರಿಗೆ ಎಲ್ಲರದ್ದೂ ಒಂದೇ ಥರ ಕಾಣುತ್ತದೆ. ಶಿಕ್ಷಕನ ಅಂಗೈಗೆ ಮಾತ್ರ ಸತ್ಯ ಗೊತ್ತು. ಸೊಂಟದಿಂದ ಎದ್ದವನ ಕೈ ಅಂಗೈ ಮೇಲೆ ಸುಮ್ಮನೆ ಕೂತಿರುತ್ತದೆ, ತೋಳಿನಿಂದ ಎದ್ದವನ ಕೈ ಅದನ್ನು ನೀರಿನೊಳಕ್ಕೆ ಅದುಮಿಬಿಡುತ್ತದೆ. ಹಲವು ವರ್ಷ ಹುಟ್ಟು ಹಾಕಿ ಭುಜ ಗಟ್ಟಿಯಾದವರೇ ಹೆಚ್ಚಾಗಿ ಅದುಮುವವರು. ಮೈಬಲ ಕಡಿಮೆಯಿದ್ದ ಹೊಸಬರು, ಹೆಣ್ಣುಮಕ್ಕಳು ಎಷ್ಟೋ ಸಲ ಬೇಗ ಕಲಿಯುತ್ತಾರೆ, ಯಾಕೆಂದರೆ ತೋಳಿನ ಬಲದಿಂದ ಏಳುವ ದಾರಿ ಅವರ ಪಾಲಿಗೆ ಇಲ್ಲವೇ ಇಲ್ಲ. ಬಲವಿದ್ದವನು ತಪ್ಪು ದಾರಿಯಲ್ಲೂ ಈಜುಕೊಳದಲ್ಲಿ ಎದ್ದುಬಿಡುತ್ತಾನೆ. ಕಡಲಿನ ಅಲೆಯಲ್ಲಿ ಅದೇ ಬಲಪ್ರಯೋಗ ಭುಜದ ಕೀಲು ತಪ್ಪಿಸುತ್ತದೆ. ತೋಳು ತಲೆಗಿಂತ ಮೇಲೆ, ಬೆನ್ನಿಗಿಂತ ಹಿಂದೆ ಹೋದಾಗ ಬೀಳುವ ಎಳೆತಕ್ಕೆ ಭುಜ ಜಾರುವುದು ಕಯಾಕ್ ನಡೆಸುವವರೆಲ್ಲ ಬಲ್ಲ ಗಾಯ.

ಯುರೋಪಿನವರು ಈ ವಿದ್ಯೆ ಕಲಿತ ಕಥೆಯಲ್ಲೂ ಇಂಥದ್ದೇ ಹಟವಿದೆ. 1927ರಲ್ಲಿ ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟಾ ಧ್ರುವಯಾತ್ರಿಕರ ಪುಸ್ತಕಗಳಲ್ಲಿ ಬಂದಿದ್ದ ವಿವರಣೆಗಳನ್ನಷ್ಟೇ ಆಧಾರವಾಗಿಟ್ಟುಕೊಂಡು, ಎದುರಿಗೆ ಗುರುವೇ ಇಲ್ಲದೆ ರೋಲ್ ಕಲಿತ. ಹುಟ್ಟಿನ ಒಂದು ತುದಿಯ ಅಲಗನ್ನೇ ಕೈಯಲ್ಲಿ ಹಿಡಿದು ಇನ್ನೊಂದು ತುದಿಯನ್ನು ದೂರಕ್ಕೆ ಚಾಚುವ ಆತನ ಬಗೆಗೆ ಇವತ್ತಿಗೂ ಆತನದೇ ಹೆಸರು. ಉದ್ದದ ಸನ್ನೆ ಸಿಗುವುದರಿಂದ ಕಲಿಯಲು ಅದು ಸುಲಭ. ಆದರೆ ಕೈಯ ಹಿಡಿತ ಬದಲಿಸಬೇಕಾಗುತ್ತದೆ, ಎದ್ದ ತಕ್ಷಣ ಇನ್ನೊಂದು ಅಲೆ ಬಂದರೆ ಹುಟ್ಟು ಸಿದ್ಧವಿರುವುದಿಲ್ಲ. ಅದನ್ನು ಕಲಿತವನು ಮುಂದೆ ಹಿಡಿತ ಬದಲಿಸದೆ ಏಳುವ ಬಗೆಯನ್ನೂ ಕಲಿಯಬೇಕು. ಅದಾದ ಮೇಲೆ ಇನ್ನೊಂದು ಮಗ್ಗುಲಿಂದ ಏಳುವುದನ್ನು ಕಲಿಯಬೇಕು. ಹೆಚ್ಚಿನ ಅನುಭವಿಗಳು ನಿಂತುಬಿಡುವುದು ಈ ಕೊನೆಯ ಮೆಟ್ಟಿಲಲ್ಲಿ. ಬಲಗಡೆಯ ರೋಲ್ ಚೆನ್ನಾಗಿ ಬರುತ್ತದೆ, ಎಡಗಡೆಯದು ಬಾರದು. ಬರುವ ಮಗ್ಗುಲಲ್ಲೇ ಮತ್ತೆ ಮತ್ತೆ ಮಾಡಿ ಸಮಾಧಾನಪಡುತ್ತಾರೆ. ಅಲೆಗೆ ಮಾತ್ರ ಯಾರ ಬಲಗಡೆ ಯಾವುದೆಂದು ಗೊತ್ತಿಲ್ಲ.

ಹುಟ್ಟು ಬದಲಾದರೂ ಇದೇ ಕಥೆ. ಗ್ರೀನ್‌ಲ್ಯಾಂಡಿನ ಹುಟ್ಟು ಉದ್ದಕ್ಕೂ ಮರದ್ದು, ಅಲಗಿನ ಅಗಲ ಒಂದು ಹಿಡಿಯಷ್ಟೇ. ಅದರ ಉದ್ದವನ್ನು ನಡೆಸುವವನ ಮೈಯಿಂದಲೇ ಅಳೆಯುತ್ತಾರೆ: ಚಾಚಿದ ಎರಡು ತೋಳಿನ ಒಂದು ಮಾರು, ಜೊತೆಗೆ ಒಂದು ಮೊಳ. ಅಗಲವಾದ ಅಲಗಿಗೆ ಒಗ್ಗಿದವರು ಇದನ್ನು ಮೊದಲ ಸಲ ಹಿಡಿದಾಗ ನೆಟ್ಟಗೆ ನೀರಿಗಿಳಿಸಿ ಎಳೆಯುತ್ತಾರೆ. ಹುಟ್ಟು ನೀರಿನೊಳಗೆ ಅತ್ತಿತ್ತ ಪಟಪಟನೆ ನಡುಗುತ್ತದೆ, ದೋಣಿ ಮುಂದಕ್ಕೆ ಹೋಗುವುದಿಲ್ಲ, ಇಷ್ಟು ಕಿರಿದಾದ ಅಲಗಿನಲ್ಲಿ ಏನು ಪ್ರಯೋಜನ ಅನ್ನಿಸುತ್ತದೆ. ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ, ಅಲಗಿನ ಮೇಲಂಚು ಮುಂದಕ್ಕೆ ವಾಲುವಂತೆ ಹಿಡಿದರೆ ನಡುಕ ನಿಂತೇ ಹೋಗುತ್ತದೆ. ಹುಟ್ಟು ಸದ್ದಿಲ್ಲದೆ ಕೆಳಕ್ಕಿಳಿದು ಕಚ್ಚಿ ಹಿಡಿಯುತ್ತದೆ. ವ್ಯತ್ಯಾಸ ಕೆಲವೇ ಡಿಗ್ರಿಯದು. ಆದರೆ ಅಲಗನ್ನು ನೆಟ್ಟಗೆ ಹಿಡಿಯಬೇಕೆಂದು ವರ್ಷಗಟ್ಟಲೆ ಕಲಿತ ಮಣಿಕಟ್ಟು ಆ ಕೆಲವು ಡಿಗ್ರಿಗೆ ಸುಲಭಕ್ಕೆ ಒಪ್ಪುವುದಿಲ್ಲ.

ಒಲಿಂಪಿಕ್ಸ್ ಮಟ್ಟದವರಿಗೂ ಇದರಿಂದ ವಿನಾಯಿತಿ ಸಿಗಲಿಲ್ಲ. 1936ರಿಂದ ಕಯಾಕ್ ಓಟ ಒಲಿಂಪಿಕ್ಸ್‌ನಲ್ಲಿದೆ. ಅರ್ಧ ಶತಮಾನ ಕಾಲ ಎಲ್ಲರೂ ಚಪ್ಪಟೆ ಅಲಗಿನ ಹುಟ್ಟನ್ನು ದೋಣಿಯ ಪಕ್ಕೆಗೆ ಒತ್ತಿಕೊಂಡು ನೇರ ಹಿಂದಕ್ಕೆ ಎಳೆಯುವುದನ್ನೇ ಕಲಿತರು, ಕಲಿಸಿದರು. 1980ರ ದಶಕದ ಮಧ್ಯದಲ್ಲಿ ಸ್ವೀಡನ್ನಿನಿಂದ ವಿಂಗ್ ಹುಟ್ಟು ಬಂತು. ಅದರ ಅಲಗು ವಿಮಾನದ ರೆಕ್ಕೆಯ ಹಾಗೆ ಬಾಗಿರುತ್ತದೆ, ಒಂದಂಚು ಒಳಕ್ಕೆ ಮಡಚಿರುತ್ತದೆ. ಅದನ್ನು ಹಳೆಯ ರೀತಿ ಹಿಂದಕ್ಕೆ ಎಳೆದರೆ ಒದ್ದಾಡುತ್ತದೆ. ಅದು ದೋಣಿಯಿಂದ ಓರೆಯಾಗಿ ಹೊರಕ್ಕೆ ಸರಿಯಬೇಕು. ಹಾಗೆ ಸರಿಯುವಾಗ ರೆಕ್ಕೆಗೆ ಸಿಗುವಂಥ ಒತ್ತು ಸಿಕ್ಕಿ ದೋಣಿ ಮುಂದಕ್ಕೆ ಹಾಯುತ್ತದೆ. ತೋಳಿನಿಂದ ಎಳೆಯುವವರಿಗೆ ಈ ಚಲನೆ ಒಲಿಯುವುದಿಲ್ಲ, ನಡುವನ್ನೇ ತಿರುಗಿಸಬೇಕು, ಕಾಲಿನಿಂದ ಒದೆಯಬೇಕು. ಆಗಿನ ವಿಶ್ವದರ್ಜೆಯ ಓಟಗಾರರೆಲ್ಲ ತಮ್ಮ ಮೂಲ ಎಳೆತವನ್ನೇ ಬಿಚ್ಚಿ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಕೆಲವೇ ವರ್ಷಗಳಲ್ಲಿ ಚಪ್ಪಟೆ ಹುಟ್ಟು ಓಟದ ಕಣದಿಂದ ಮಾಯವಾಯಿತು.

ನುರಿತವನ ರೂಢಿ ಬರೀ ಅಡ್ಡಿಯಾಗುವುದಷ್ಟೇ ಅಲ್ಲ, ಕೆಲವೊಮ್ಮೆ ನೇರವಾಗಿ ಅಪಾಯಕ್ಕೇ ತಳ್ಳುತ್ತದೆ. ನದಿಯವರು ಕಡಲಿಗೆ ಬಂದಾಗ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನದಿಯಲ್ಲಿ ಅಲೆ ಬಂಡೆಯ ಹಿಂದೆ ನಿಂತಲ್ಲೇ ನಿಂತಿರುತ್ತದೆ, ನೀರು ಅದರ ಮೂಲಕ ಹರಿದು ಹೋಗುತ್ತದೆ. ಕಡಲಿನಲ್ಲಿ ಅಲೆ ಓಡುತ್ತದೆ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಏರಿಳಿಯುತ್ತದೆ. ನದಿಯ ಸೆಳೆತಕ್ಕೆ ದೋಣಿ ಅಡ್ಡ ಬಿದ್ದರೆ, ನೀರು ನುಗ್ಗಿಬರುವ ಕಡೆಯ ಅಂಚನ್ನು ಎತ್ತಿ ಆಚೆಗೆ ವಾಲಬೇಕು. ಇಲ್ಲವಾದರೆ ಸೆಳೆತ ಆ ಅಂಚನ್ನು ಹಿಡಿದು ಮಗುಚಿಬಿಡುತ್ತದೆ. ನದಿಯವನಿಗೆ ಇದು ಯೋಚಿಸದೆ ಬರುವ ಪ್ರತಿಕ್ರಿಯೆ. ಅದೇ ಮನುಷ್ಯ ಕಡಲತೀರದ ಒಡೆಯುವ ತೆರೆಯಲ್ಲಿ ಅಡ್ಡ ಬಿದ್ದಾಗ ಮಾಡಬೇಕಾದ್ದು ಇದರ ತದ್ವಿರುದ್ಧ. ನುಗ್ಗಿಬರುವ ತೆರೆಯ ಮೇಲೇ ಒರಗಬೇಕು, ಹುಟ್ಟನ್ನು ನೊರೆಯ ಮೇಲೆ ಊರಬೇಕು, ದಡದ ಕಡೆಯ ಅಂಚನ್ನು ಎತ್ತಿ ಹಿಡಿಯಬೇಕು. ತೆರೆ ದೋಣಿಯನ್ನು ದಡದತ್ತ ತಳ್ಳುವಾಗ ಆ ಅಂಚು ನೀರಿಗೆ ಸಿಕ್ಕಿಕೊಂಡರೆ ತಲೆ ಮರಳಿಗೆ ಬಡಿಯುತ್ತದೆ. ಹತ್ತು ವರ್ಷ ನದಿಯಲ್ಲಿ ಕಾಪಾಡಿದ ಅಭ್ಯಾಸವೇ ಇಲ್ಲಿ ಮಗುಚುತ್ತದೆ.

ಈ ಪಾಠವನ್ನು ದಾರಿಯಲ್ಲೇ ಕಲಿತವನೊಬ್ಬ ನಮ್ಮ ಕರಾವಳಿಯನ್ನೂ ಹಾದು ಹೋಗಿದ್ದಾನೆ. ಜರ್ಮನಿಯ ಆಸ್ಕರ್ ಸ್ಪೆಕ್ ತನ್ನ ದೇಶದ ನೀರಿನಲ್ಲಿ ಮಡಚುವ ಕಯಾಕ್ ನಡೆಸಿ ಪಳಗಿದ್ದವನು. 1932ರಲ್ಲಿ ಕೆಲಸವಿಲ್ಲದೆ ಕಂಗೆಟ್ಟು, ಸೈಪ್ರಸ್‌ನ ಗಣಿಗಳಲ್ಲಿ ಕೆಲಸ ಸಿಕ್ಕೀತೆಂದು ಉಲ್ಮ್ ಊರಿನಿಂದ ಡ್ಯಾನ್ಯೂಬ್ ನದಿಗೆ ಇಳಿದ. ನದಿ ಮುಗಿದು ಕಡಲು ಎದುರಾಯಿತು. ಗ್ರೀಸ್, ಟರ್ಕಿ ತೀರಗಳನ್ನು ಹಿಡಿದು ಸೈಪ್ರಸ್ ಸೇರಿದ ಮೇಲೂ ನಿಲ್ಲಲಿಲ್ಲ. ಪರ್ಷಿಯನ್ ಕೊಲ್ಲಿಯಿಂದ ಭಾರತದ ಪಶ್ಚಿಮ ಕರಾವಳಿಗುಂಟ ಇಳಿದು ಸಿಲೋನ್ ತಲುಪಿದ. ಎಂದರೆ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕಡಲು ಆತನ ದಾರಿಯಲ್ಲಿಯೇ ಇತ್ತು. ಅಲ್ಲಿಂದ ಮುಂದೆ ಬರ್ಮಾ, ಡಚ್ಚರ ಆಳ್ವಿಕೆಯ ದ್ವೀಪಗಳನ್ನು ದಾಟಿ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಗಡಿಯ ಸೈಬಾಯ್ ದ್ವೀಪದಲ್ಲಿ ದೋಣಿ ದಡಕ್ಕೆ ಹಚ್ಚಿದಾಗ, ಆಗಷ್ಟೇ ಮಹಾಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಪೊಲೀಸರು ಹಿಡಿದುಕೊಂಡರು. ಏಳು ವರ್ಷ, ಸುಮಾರು 50,000 ಕಿಲೋಮೀಟರ್. ನದಿಯ ಕೈಯನ್ನು ಹಿಡಿದುಕೊಂಡೇ ಹೊರಟವನು, ತೆರೆ ದಾಟಿ ದಡ ಸೇರುವುದನ್ನು, ಮಳೆಗಾಲ ಮುಗಿಯುವವರೆಗೆ ಕಾಯುವುದನ್ನು ಕಡಲಿನಿಂದಲೇ ಕಲಿಯದೆ ಅಷ್ಟು ದೂರ ಹೋಗುವುದು ಸಾಧ್ಯವೇ ಇರಲಿಲ್ಲ.

ಕಲಿಕೆಯನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳ ಎರಡು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಜರ್ಮನ್ ಮೂಲದ ಗೇಬ್ರಿಯೆಲೆ ವುಲ್ಫ್ ವಿಂಡ್‌ಸರ್ಫಿಂಗ್‌ನ ಒಂದು ತಿರುವನ್ನು ಅಭ್ಯಾಸ ಮಾಡುತ್ತಿದ್ದಾಗ ಒಂದು ಸಂಗತಿ ಗಮನಿಸಿದರು. ತನ್ನ ಪಾದ ಎಲ್ಲಿದೆ ಎಂದು ಯೋಚಿಸಿದಾಗ ತಪ್ಪುತ್ತಿತ್ತು, ಹಲಗೆ ಹೇಗೆ ವಾಲುತ್ತಿದೆ ಎಂದು ಗಮನಿಸಿದಾಗ ಸರಿಬರುತ್ತಿತ್ತು. 1998ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಯೋಗಗಳಲ್ಲಿ ಅದೇ ಹೊರಬಿತ್ತು. ಗಮನ ಮೈಯ ಮೇಲಿರುವುದಕ್ಕಿಂತ, ಮೈ ಯಾವುದನ್ನು ಅಲುಗಿಸುತ್ತಿದೆಯೋ ಅದರ ಮೇಲಿದ್ದರೆ ಕಲಿಕೆ ಚೆನ್ನಾಗಿ ನಿಲ್ಲುತ್ತದೆ. ಒಳ್ಳೆಯ ಕಯಾಕ್ ಶಿಕ್ಷಕರು ಇದನ್ನು ಅನುಭವದಿಂದಲೇ ಕಂಡುಕೊಂಡಿರುತ್ತಾರೆ. ಮೊಣಕೈ ಹೀಗಿಡು, ಮಣಿಕಟ್ಟು ಹಾಗಿಡು ಎಂದು ಅವರು ಗೋಳು ಹೊಯ್ದುಕೊಳ್ಳುವುದಿಲ್ಲ. ದೋಣಿಯ ಈ ಅಂಚು ನೀರಿಗೆ ತಾಗಲಿ, ಅಲಗು ಎಬ್ಬಿಸುವ ಸುಳಿ ಇಷ್ಟು ಚಿಕ್ಕದಾಗಲಿ ಎನ್ನುತ್ತಾರೆ.

ಇನ್ನೊಂದು, 1979ರಲ್ಲಿ ಅಮೆರಿಕದ ಶಿಯಾ ಮತ್ತು ಮಾರ್ಗನ್ ನಡೆಸಿದ ಪ್ರಯೋಗ. ಕೈಯ ಮೂರು ಬಗೆಯ ಚಲನೆಗಳನ್ನು ಕೆಲವರು ಒಂದಾದ ಮೇಲೊಂದು ಮುಗಿಸುತ್ತ ಕಲಿತರು, ಕೆಲವರು ಮೂರನ್ನೂ ಬೆರಕೆ ಮಾಡಿ ಕಲಿತರು. ಅಭ್ಯಾಸದ ಹೊತ್ತಿನಲ್ಲಿ ಬೆರಕೆಯವರು ಹಿಂದೆ ಬಿದ್ದರು. ಆಮೇಲೆ ಪರೀಕ್ಷಿಸಿದಾಗ ನೆನಪಿಟ್ಟುಕೊಂಡವರು ಅವರೇ. ಅನುಭವಿಗಳಿಗೆ ಈ ಫಲಿತಾಂಶ ಕಹಿಗುಳಿಗೆ. ಅಭ್ಯಾಸದ ದಿನ ಚೆನ್ನಾಗಿ ಕಾಣುವುದಕ್ಕೂ ನಿಜವಾಗಿ ಕಲಿಯುವುದಕ್ಕೂ ಎಷ್ಟೋ ಸಲ ಸಂಬಂಧವಿರುವುದಿಲ್ಲ. ಹತ್ತು ಸಲ ಬಲಗಡೆ ರೋಲ್ ಮಾಡುವವನು ಚೆನ್ನಾಗಿ ಕಾಣುತ್ತಾನೆ. ಒಮ್ಮೆ ಎಡ, ಒಮ್ಮೆ ಬಲ, ನಡುವೆ ಹುಟ್ಟು ಬಿಟ್ಟು ಮತ್ತೆ ಹುಡುಕಿ ಹಿಡಿದು, ಒಮ್ಮೆ ನಿಂತ ನೀರಿನಲ್ಲಿ, ಒಮ್ಮೆ ಹರಿವ ನೀರಿನಲ್ಲಿ ಮಾಡುವವನು ಅರ್ಧಕ್ಕರ್ಧ ಸಲ ನೀರು ಕುಡಿಯುತ್ತಾನೆ. ಕಡಲಿನಲ್ಲಿ ಎದ್ದು ಬರುವವನು ಈ ಎರಡನೆಯವನು.

ಹಾಗೆಂದು ಕಲಿತ ವಿದ್ಯೆ ಎಲ್ಲವನ್ನೂ ಕಾಯುತ್ತದೆ ಎನ್ನುವಂತಿಲ್ಲ. ವಾಟ್ಕಿನ್ಸ್ 1932ರಲ್ಲಿ ಮತ್ತೆ ಗ್ರೀನ್‌ಲ್ಯಾಂಡಿಗೆ ಹೋದ. ತಂಡದ ಊಟಕ್ಕೆ ಸೀಲ್ ಬೇಟೆಯಾಡುವಷ್ಟು ಕಯಾಕ್‌ನಲ್ಲಿ ಪಳಗಿದ್ದ. ಆ ವರ್ಷದ ಆಗಸ್ಟ್ 20ರಂದು ಒಬ್ಬನೇ ಬೇಟೆಗೆ ಹೋದವನು ಮರಳಲಿಲ್ಲ. ಖಾಲಿ ಕಯಾಕ್ ತೇಲುತ್ತಿದ್ದುದು ಸಿಕ್ಕಿತು, ದೇಹ ಸಿಗಲೇ ಇಲ್ಲ. ಆತನಿಗೆ 25 ವರ್ಷ. ಇನ್ಯುಯಿಟ್ ಬೇಟೆಗಾರರ ನಡುವೆಯೂ ಇಂಥ ಸಾವುಗಳು ಅಪರೂಪವಾಗಿರಲಿಲ್ಲ. ಅವರನ್ನು ಕಾಡಿದ ಇನ್ನೊಂದು ಸಂಗತಿಯನ್ನು ಡೇನಿಶ್ ವೈದ್ಯರು ದಾಖಲಿಸಿದ್ದಾರೆ. ಗಾಳಿಯಿಲ್ಲದ ದಿನ, ನೀರು ಕನ್ನಡಿಯಂತಿದ್ದು ಬಿಸಿಲು ಕಣ್ಣಿಗೆ ರಾಚುವಾಗ, ಒಂಟಿಯಾಗಿ ಅಲುಗಾಡದೆ ಕೂತ ನುರಿತ ಬೇಟೆಗಾರನಿಗೆ ಇದ್ದಕ್ಕಿದ್ದಂತೆ ದಿಕ್ಕು ತಪ್ಪುತ್ತಿತ್ತು, ದೋಣಿ ವಾಲುತ್ತಿದೆ ಅನ್ನಿಸುತ್ತಿತ್ತು, ಕೈ ಕಟ್ಟಿಹಾಕಿದಂತಾಗುತ್ತಿತ್ತು. ಇನ್ನೊಂದು ಕಯಾಕ್ ಪಕ್ಕಕ್ಕೆ ಬಂದರೆ ಅದು ಹೆಚ್ಚಾಗಿ ಇಳಿದುಹೋಗುತ್ತಿತ್ತು. ಜೊತೆಗಾರನಿರುವುದು ಸಹ ಒಂದು ವಿದ್ಯೆ ಎಂದೇ ನಾನು ಎಣಿಸುತ್ತೇನೆ. ಮಗುಚಿದವನ ದೋಣಿಯ ಮೂತಿಯನ್ನು ತನ್ನ ದೋಣಿಯ ಮೇಲೆ ಅಡ್ಡ ಎಳೆದು, ನೀರು ಬಸಿದು, ನೆಟ್ಟಗೆ ಮಾಡಿ, ಅವನು ಹತ್ತುವವರೆಗೆ ಎರಡೂ ದೋಣಿಯನ್ನು ಒಟ್ಟಾಗಿ ಹಿಡಿಯುವ ರಕ್ಷಣಾಕ್ರಮ ರೋಲ್‌ಗಿಂತ ಮೊದಲು ಕಲಿಯಬೇಕಾದ್ದು. ನೋಡಲು ಸೊಗಸಿಲ್ಲದ ಕಾರಣ ಎಷ್ಟೋ ಅನುಭವಿಗಳು ಅದನ್ನು ಒಮ್ಮೆಯೂ ಮಾಡಿ ನೋಡಿರುವುದಿಲ್ಲ.

ನಮ್ಮಲ್ಲಿ ಹುಟ್ಟಿನ ವಿದ್ಯೆಗೆ ಕೊರತೆಯಿಲ್ಲ. ಹಂಪಿಯ ತುಂಗಭದ್ರೆಯಲ್ಲಿ, ಹೊಗೇನಕಲ್ಲಿನ ಕಾವೇರಿಯಲ್ಲಿ ಹರಿಗೋಲು ನಡೆಸುವವರನ್ನು ಕಯಾಕ್ ಬಲ್ಲವರು ಒಮ್ಮೆ ಗಮನವಿಟ್ಟು ನೋಡಬೇಕು. ಹರಿಗೋಲಿಗೆ ಮುಂದಿಲ್ಲ ಹಿಂದಿಲ್ಲ, ಸುಮ್ಮನೆ ಹುಟ್ಟು ಹಾಕಿದರೆ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಅಂಬಿಗ ಅಲಗನ್ನು ನೀರಿನಿಂದ ಎತ್ತದೆಯೇ, ತನ್ನ ಮುಂದುಗಡೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಅತ್ತಿತ್ತ ಆಡಿಸುತ್ತಾನೆ. ಎರಡೂ ದಿಕ್ಕಿನ ಚಲನೆಯಲ್ಲಿ ಅಲಗಿನ ಓರೆ ಬದಲಾಗುತ್ತ ನೀರನ್ನು ಒಂದೇ ಕಡೆಗೆ ಸೆಳೆಯುತ್ತದೆ, ಹರಿಗೋಲು ತಿರುಗದೆ ಮುಂದಕ್ಕೆ ಸರಿಯುತ್ತದೆ. ಕಯಾಕ್‌ನಲ್ಲಿ ದೋಣಿಯನ್ನು ಪಕ್ಕಕ್ಕೆ ಸರಿಸಲು, ವಾಲಿದ ದೋಣಿಗೆ ಆಸರೆ ಕೊಡಲು ಕಲಿಸುವ ಸ್ಕಲಿಂಗ್ ಎಂಬ ಎಳೆತದ ತತ್ವವೂ ಇದೇ. ಮುಂದುವರಿದ ತರಗತಿಗಳಲ್ಲಿ ಹಲವರನ್ನು ಸತಾಯಿಸುವ ಚಲನೆ ಅದು. ಅಂಬಿಗರ ಮಣಿಕಟ್ಟನ್ನು ನೋಡಿ ಕಲಿಯುವುದು ತುಂಬಾ ಇದೆ, ಕೇಳಿದರೆ ಹೇಳಿಕೊಡಲು ಅವರು ಹಿಂಜರಿಯುವವರೂ ಅಲ್ಲ.

ಉಡುಪಿ ಜಿಲ್ಲೆಯ ನದಿಗಳಲ್ಲಿ, ಹೊನ್ನಾವರದ ಶರಾವತಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವುದು ಈಚಿನ ವರ್ಷಗಳಲ್ಲಿ ಬೆಳೆದಿದೆ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಮೇಲೆ ಕೂರುವಂಥ ಅಗಲವಾದ ದೋಣಿಗಳು, ಮಗುಚುವುದೇ ಅಪರೂಪ. ಅವುಗಳಲ್ಲಿ ಕೆಲವು ವರ್ಷ ಓಡಾಡಿದವರಿಗೆ ಅಳಿವೆಯಾಚೆಗಿನ ಕಡಲು ಕೈಬೀಸಿ ಕರೆಯುತ್ತದೆ. ಕರೆಗೆ ಓಗೊಡುವುದರಲ್ಲಿ ತಪ್ಪಿಲ್ಲ, ಅದರ ಸುಖ ಬೇರೆಯೇ. ಆದರೆ ಅಳಿವೆಯ ಬಾಯಿ ನಮ್ಮ ಕರಾವಳಿಯ ಅತಿ ಕಠಿಣ ನೀರು. ಇಳಿತದ ಹೊತ್ತಿನಲ್ಲಿ ಹೊರಹೋಗುವ ಸೆಳೆತಕ್ಕೆ ಒಳಬರುವ ಅಲೆ ಎದುರಾಗಿ ಕಡಿದಾಗಿ ಏಳುತ್ತದೆ, ಮರಳದಿಬ್ಬದ ಮೇಲೆ ಒಡೆಯುತ್ತದೆ. ಮೀನುಗಾರರು ಉಬ್ಬರ ಇಳಿತ ಲೆಕ್ಕಹಾಕಿ ಅದನ್ನು ದಾಟುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮೀನು ಮರಿಮಾಡುವ ಕಾಲವೆಂಬುದು ಅದಕ್ಕೆ ಮುಖ್ಯ ಕಾರಣವಾದರೂ, ಮಳೆಗಾಲದ ಆ ಕಡಲು ಕಲಿಕೆಯ ಜಾಗವಂತೂ ಅಲ್ಲ.

ನೀವು ಆ ಅಳಿವೆಯ ಅಂಚಿಗೆ ಬಂದು ನಿಂತಿರುವ ಅನುಭವಿಗಳಾದರೆ ನನ್ನದೊಂದು ಕೋರಿಕೆ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ, ಹೊಸ ದೋಣಿ ಕೊಳ್ಳುವ ಮೊದಲು, ಕಲಿಸಬಲ್ಲ ಒಬ್ಬರನ್ನು ಹುಡುಕಿ. ಅವರು ನಿಮಗಿಂತ ಚಿಕ್ಕವರಾಗಿದ್ದರೂ ಹಿಂಜರಿಯಬೇಡಿ. ಎದೆಮಟ್ಟದ ನೀರಿನಲ್ಲಿ ನಿಮ್ಮ ದೋಣಿಯನ್ನು ಬೇಕೆಂದೇ ಮಗುಚಿಸಲು ಹೇಳಿ, ಹೊರಬರುವುದನ್ನೂ ಮತ್ತೆ ಹತ್ತುವುದನ್ನೂ ಇನ್ನೊಬ್ಬರನ್ನು ಹತ್ತಿಸುವುದನ್ನೂ ಕಲಿಯಿರಿ. ಆಮೇಲೆ ರೋಲ್, ಅದೂ ಎರಡೂ ಮಗ್ಗುಲಿಗೆ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಹೊರಡುವ ಬೆಳಿಗ್ಗೆ ಬಂದರಿನ ಮೀನುಗಾರರನ್ನು ಇಳಿತ ಎಷ್ಟು ಹೊತ್ತಿಗೆಂದು ಕೇಳಿ. ಎಷ್ಟೇ ಪಳಗಿದ್ದರೂ ಒಬ್ಬರೇ ಕಡಲಿಗೆ ಹೋಗಬೇಡಿ.